ಕೆಳಗಿನ ಮನೆಯವರ ಜಟೆ

ಮೊನ್ನೆ ಶುಕ್ರವಾರ ದೊಡ್ಡವಳು ನನ್ನ ಮುಂದೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ, "ಅಜ್ಜಿ, ಇನ್ನು ಓನ್ಲಿ ಟೆನ್ ಇಯರ್ಸ್" ಅಂದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಸಣ್ಣವನು ಕೇಳಿದ. "ಕೆಳಗಿನ ಮನೆ ಆಂಟಿ ಹೇಳಿದ್ರಲ್ಲ, ಅದಕ್ಕೆ" ಎಂದಳು. "ಯಾವ ಆಂಟಿ?" ಎಂದ ಅವನು. ಅವನಿಗೆ ಇನ್ನೂ ಮೂರು ವರ್ಷ. ಆ ಆಂಟಿಯನ್ನು ಅವನು ನೋಡಿಯೇ ಇಲ್ಲ.

ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಬರೆಯುವ ರೂಢಿ ಇಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನ ಕೂತಲ್ಲಿ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಕಾಗದದ ಮೇಲಾದರೆ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ ಎಂಬ ಧೈರ್ಯ. ದೊಡ್ಡವಳಿಗೆ ಕನ್ನಡ ಅಕ್ಷರ ಕಲಿಸಿದ್ದೇನೆ, ಅವಳು ಕೂಡಿಸಿಕೊಂಡು ಓದಲಿ. ಸಣ್ಣವನಿಗೆ ನಿಮ್ಮ ಅಮ್ಮ ಓದಿ ಹೇಳಲಿ.

ನಿಮ್ಮ ಅಜ್ಜ ತೀರಿಹೋದಾಗ ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದಳು. ಅವಳು ಓದಿ, ನೌಕರಿ ಹಿಡಿದು, ಮದುವೆಯಾಗಿ ಒಮಾನ್ ದೇಶದ ಈ ಇಬ್ರಿಗೆ ಬಂದ ಮೇಲೆ ನನ್ನನ್ನೂ ಕರೆಸಿಕೊಂಡಳು. ಅವಳಿಗೆ ಇಲ್ಲಿನ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸ. ನಿಮ್ಮ ಅಪ್ಪನಿಗೆ ಆಗ ದೂರದ ದುಕ್ಮ್ ಬಂದರಿನಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಸಣ್ಣವನು ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಮನೆಯಲ್ಲಿ ನಾವು ಮೂರು ಹೆಣ್ಣುಗಳು. ನಿಮ್ಮ ಅಮ್ಮ ಕೆಲಸಕ್ಕೆ ಹೋದಳೆಂದರೆ ನಾನು ಬಾಗಿಲ ಚಿಲಕ ಹಾಕಿಕೊಂಡು ಒಳಗೇ ಇರುತ್ತಿದ್ದೆ. ಎದುರು ಮನೆಯಲ್ಲಿ ಉಡುಪಿ ಕಡೆಯ ಕೊಂಕಣಿ ಹೆಂಗಸೊಬ್ಬರು ಇದ್ದರು, ಚರ್ಚಿಗೆ ಹೋಗುವವರು. ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಅವರು ಬಾಗಿಲು ತಟ್ಟಿ, "ಎಂತ ಮಾರಾಯ್ರೆ, ನಿಮ್ಮನ್ನು ಯಾರಾದ್ರೂ ಜೈಲಿಗೆ ಹಾಕಿದ್ದಾರಾ?" ಎಂದು ಚುಚ್ಚುವರು. ನಾನು ನಕ್ಕು ಮತ್ತೆ ಚಿಲಕ ಹಾಕಿಕೊಳ್ಳುತ್ತಿದ್ದೆ.

ಒಬ್ಬಳೇ ಹೋಗುತ್ತಿದ್ದ ಒಂದೇ ಜಾಗ ಎಂದರೆ ಮಾಳಿಗೆ. ಇಬ್ರಿಯ ಬಿಸಿಲಿಗೆ ಸಂಡಿಗೆ ಒಂದೇ ದಿನದಲ್ಲಿ ಗರಿಗರಿಯಾಗುತ್ತದೆ. ಒಂದು ಶನಿವಾರ ಬೆಳಿಗ್ಗೆ ನಾನು ಸಂಡಿಗೆಯ ತಟ್ಟೆ ಹಿಡಿದುಕೊಂಡು, ಎಂಟು ವರ್ಷದ ದೊಡ್ಡವಳನ್ನು ಹಿಂದೆ ಕಟ್ಟಿಕೊಂಡು ಮಾಳಿಗೆ ಹತ್ತಿದೆ. ಅಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಬೆನ್ನಿನ ಆಚೆ ಅವರ ತಲೆಗೂದಲು ಇಳಿಬಿದ್ದಿತ್ತು. ಕೂದಲಲ್ಲ, ಜಟೆ. ಹೆಬ್ಬೆರಳು ಗಾತ್ರದ ಜಟೆಗಳು, ಸೊಂಟದವರೆಗೆ, ಹಗ್ಗ ನೇತುಹಾಕಿದ ಹಾಗೆ. ತೊಳೆದು ಬಿಸಿಲಿಗೆ ಒಣಗಲು ಹರಡಿಕೊಂಡಿದ್ದರು.

ಮಕ್ಕಳೇ, ನಮ್ಮ ಕಡೆ ಹೆಣ್ಣಿನ ತಲೆಯಲ್ಲಿ ಜಟೆ ಕಂಡರೆ ಅದನ್ನು ಕೂದಲು ಎನ್ನುವುದಿಲ್ಲ. ತಾಯಿ ಎಲ್ಲಮ್ಮ ಬಂದಳು ಎನ್ನುತ್ತಾರೆ. ಆಮೇಲೆ ಬಾಚಣಿಗೆ ಮುಟ್ಟಿಸುವ ಹಾಗಿಲ್ಲ, ಕತ್ತರಿಯಂತೂ ಇಲ್ಲವೇ ಇಲ್ಲ. ಆ ಹುಡುಗಿ ದೇವಿಯವಳು. ಅವಳಿಗೆ ಮದುವೆ ಇಲ್ಲ, ತನ್ನದು ಅನ್ನುವ ಮನೆ ಇಲ್ಲ. ನನ್ನ ದೊಡ್ಡವ್ವನಿಗೆ, ಎಂದರೆ ನನ್ನ ಅವ್ವನ ಅಕ್ಕನಿಗೆ, ಹಾಗೇ ಆಯಿತು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆ ಜೋಳ ಬೇಡುತ್ತಿದ್ದಳು. ನಮ್ಮ ಮನೆಯ ಹೊಸ್ತಿಲಿಗೂ ಬರುವಳು, ಅವ್ವ ಅಳುತ್ತಾ ಅವಳ ಬುಟ್ಟಿಗೆ ಜೋಳ ಸುರಿದು ಅವಳ ಕಾಲಿಗೇ ಬೀಳುವಳು. ಉಳಿದ ಸಂಗತಿ ನೀವು ದೊಡ್ಡವರಾದ ಮೇಲೆ ನಿಮ್ಮ ಅಮ್ಮ ಹೇಳಲಿ.

ಹಾಗಾಗಿ ನನ್ನ ಕೈಕಾಲು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡಿದವು. ತಟ್ಟೆ ಕೆಳಗಿಟ್ಟು, ಸುತ್ತು ಬಳಸಿ ಮುಂದೆ ಹೋಗಿ, "ಉಧೋ ಉಧೋ" ಎನ್ನುತ್ತಾ ಆ ಹೆಂಗಸಿನ ಪಾದದ ಮೇಲೆ ಹಣೆ ಇಟ್ಟುಬಿಟ್ಟೆ.

ಅವರು ಹೌಹಾರಿ ಎದ್ದರು, ಕುರ್ಚಿ ಮಗುಚಿಬಿತ್ತು. "ನೋ, ನೋ, ಮದರ್! ಅಪ್, ಅಪ್!" ಎನ್ನುತ್ತಾ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನೋಡಿದರೆ ಕಪ್ಪು ಬಣ್ಣದ, ಐವತ್ತು ದಾಟಿದ ಹೆಂಗಸು. ಕೆಳಗಿನ ಮನೆಯವರು! ಮೆಟ್ಟಿಲಲ್ಲಿ ಹತ್ತು ಸಲ ನೋಡಿದ್ದೆ. ಯಾವಾಗಲೂ ತಲೆಗೆ ದೊಡ್ಡದಾಗಿ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಈ ಊರಲ್ಲಿ ಎಲ್ಲರ ತಲೆಯ ಮೇಲೂ ಬಟ್ಟೆ, ನನ್ನ ತಲೆಯ ಮೇಲೂ ಸೆರಗು. ಸುಡಾನಿನವರು ಇರಬೇಕು ಎಂದುಕೊಂಡಿದ್ದೆ.

"ಅವರಿಗೆ ಯಾವ ತಾಯಿ ಕರೆದಳು, ಕೇಳು" ಎಂದೆ ದೊಡ್ಡವಳಿಗೆ.

ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಉತ್ತರ ನನಗೆ ತಿರುಗಿಸಿ ಹೇಳಿದಳು: "ಅವರ ಮದರ್ ಜಮೈಕಾದಲ್ಲಿ ಇದ್ದಾರಂತೆ ಅಜ್ಜಿ. ಪ್ರತಿ ಭಾನುವಾರ ಕರೀತಾರಂತೆ. ವಾಟ್ಸಾಪ್‌ನಲ್ಲಿ."

ಇದೇನು ಹೀಗೆ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ಮುಖ ನೋಡಿ ಅವರಿಗೆ ನಗು ಬಂತು, ಅವರ ನಗು ನೋಡಿ ಇವಳಿಗೂ ಬಂತು. ಕೊನೆಗೆ ನಾನೂ ನಕ್ಕೆ. ಆಮೇಲೆ ಅವರು ಎದೆ ಮುಟ್ಟಿಕೊಂಡು, ನನ್ನತ್ತ ಬೆರಳು ಮಾಡಿ, "ಐ ಅಂಡ್ ಐ" ಎಂದರು. ದೊಡ್ಡವಳು, "ನಾನು ಮತ್ತು ನಾನು ಅಂತಾರೆ. ಯಾರೂ ಯಾರ ಕಾಲಿಗೂ ಬೀಳಬಾರದಂತೆ. ಬಟ್ ಅಜ್ಜಿ, ಅವರ ಗ್ರಾಮರ್ ತಪ್ಪು" ಎಂದು ಪಿಸುಗುಟ್ಟಿದಳು. ಆ ಹೆಂಗಸು ಇಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಟೀಚರು ಎಂದು ಆಮೇಲೆ ತಿಳಿಯಿತು.

ಹೀಗೆ ಶುರುವಾಯಿತು. ಅವರು ರಸ್ತಾಫಾರಿ ಎಂಬ ಮತದವರು. ಆ ಹೆಸರು ಹೇಳಲು ನನಗೆ ಒಂದು ವಾರ ಬೇಕಾಯಿತು. ದೊಡ್ಡವಳ ಬಾಯಿಂದ ತುಂಡು ತುಂಡಾಗಿ ಕೇಳಿ ತಿಳಿದುಕೊಂಡದ್ದು ಇಷ್ಟು. ಎಷ್ಟೋ ತಲೆಮಾರಿನ ಹಿಂದೆ ಅವರ ಹಿರಿಯರನ್ನು ಆಫ್ರಿಕಾದಿಂದ ಹಿಡಿದು ಹಡಗಿನಲ್ಲಿ ತುಂಬಿ ಕಬ್ಬಿನ ತೋಟಕ್ಕೆ ದುಡಿಯಲು ಒಯ್ದರು. ಹೆಸರು, ಭಾಷೆ, ದೇವರು, ಎಲ್ಲ ಕಸಿದುಕೊಂಡರು. ಬಹಳ ಕಾಲದ ಮೇಲೆ ಇಥಿಯೋಪಿಯಾ ದೇಶದಲ್ಲಿ ಒಬ್ಬ ಕಪ್ಪು ರಾಜನಿಗೆ ಪಟ್ಟವಾದಾಗ, ದೇವರೇ ನಮ್ಮ ಬಣ್ಣದಲ್ಲಿ ಬಂದ ಎಂದು ಆ ಜನರಲ್ಲಿ ಕೆಲವರು ನಂಬಿದರು. ದೇವರಿಗೆ ಅವರು ಜಾ ಎನ್ನುತ್ತಾರೆ. ಜನರನ್ನು ತುಳಿಯುವ ದೊಡ್ಡಸ್ತಿಕೆಗೆಲ್ಲ ಬ್ಯಾಬಿಲೋನ್ ಎಂಬ ಒಂದೇ ಹೆಸರು. ಆಫ್ರಿಕಾ ಅವರ ತವರು, ಒಂದಲ್ಲ ಒಂದು ದಿನ ಅಲ್ಲಿಗೆ ಮರಳಬೇಕು ಎಂಬ ಆಸೆ. ಓದುವುದು ಬೈಬಲನ್ನೇ. ದೇವರಿಗೆ ಮಾತು ಕೊಟ್ಟವನು ತಲೆಗೆ ಕತ್ತಿ ಮುಟ್ಟಿಸಬಾರದು ಎಂದು ಅದರಲ್ಲಿ ಬರೆದಿದೆಯಂತೆ, ಅದಕ್ಕೇ ಈ ಜಟೆ. ಸಿಂಹದ ಕೇಸರದ ಹಾಗೆ ಎಂದೂ ಹೇಳುವರು.

"ರಾಜ ದೇವರೇನು?" ಎಂದು ನಾನು ಕೇಳಿದ್ದಕ್ಕೆ ದೊಡ್ಡವಳು ಯೋಚಿಸಿ, "ರಾಜ ದೇವರಲ್ಲ ಅಜ್ಜಿ, ದೇವರು ರಾಜ. ಐ ಥಿಂಕ್" ಎಂದಳು. ನನಗೆ ಅಷ್ಟೇ ಸಾಕಾಯಿತು. ನಮ್ಮಲ್ಲೂ ಎಷ್ಟೋ ದೇವರುಗಳು ಒಂದಾನೊಂದು ಕಾಲಕ್ಕೆ ಮನುಷ್ಯರಾಗಿ ತಿರುಗಾಡಿದವರೇ.

"ಐ ಅಂಡ್ ಐ" ಮಾತ್ರ ನನಗೆ ತಿಳಿಯಲಿಲ್ಲ. "ನಾವು ಅಂದರೆ ಸಾಲದೇನು?" ಎಂದು ಕೇಳಿಸಿದೆ. ನಾವು ಎಂದರೆ ಹೊರಗೆ ಇನ್ಯಾರೋ ಉಳಿದುಬಿಡುತ್ತಾರೆ, ನೀನು ಎಂದರೆ ಎದುರಿನವರು ಬೇರೆಯಾಗುತ್ತಾರೆ, ಒಳಗಿರುವ ಜಾ ಒಬ್ಬನೇ ಆದ್ದರಿಂದ ನಾನು ಮತ್ತು ನಾನು, ಎಂದು ಹೇಳಿದರಂತೆ. ನಾನು ಹೂಂ ಎಂದು ತಲೆಯಾಡಿಸಿದೆ. ಅರ್ಥವಾದದ್ದಕ್ಕಲ್ಲ, ಮರ್ಯಾದೆಗೆ.

ಊಟದ ವಿಷಯದಲ್ಲಿ ನಾವು ಬೇಗ ಹೊಂದಿಕೊಂಡೆವು. ಅವರು ಮಾಂಸ ತಿನ್ನುವುದಿಲ್ಲ, ಡಬ್ಬಿಯಲ್ಲಿ ಬಂದದ್ದು ಮುಟ್ಟುವುದಿಲ್ಲ, ಉಪ್ಪು ಹಾಕುವುದಿಲ್ಲ. ಭೂಮಿ ಕೊಟ್ಟ ಹಾಗೇ ತಿನ್ನಬೇಕೆಂದು ಅವರ ನೇಮ. ಉಪ್ಪಿಲ್ಲದೆ ಈಕೆಗೆ ಏನು ಕೊಡಲಿ ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಂಡೆ. ಆಮೇಲೆ ನನ್ನ ಪೆದ್ದುತನಕ್ಕೆ ನನಗೇ ನಗು ಬಂತು. ಜೋಳದ ರೊಟ್ಟಿಗೆ ಎಲ್ಲಿಯ ಉಪ್ಪು? ಹಿಟ್ಟು, ಬಿಸಿನೀರು, ಬೆಂಕಿ. ದೊಡ್ಡವಳನ್ನು ಮುಂದೆ ಮಾಡಿಕೊಂಡು ಹೋಗಿ ಬಿಸಿ ರೊಟ್ಟಿ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬರಿದೇ ಎರಡು ರೊಟ್ಟಿ ತಿಂದರು. ಮರುದಿನ ತೆಂಗಿನಹಾಲಿನಲ್ಲಿ ಕುಂಬಳಕಾಯಿ, ಕಾಳು ಬೇಯಿಸಿ ತಂದುಕೊಟ್ಟರು. ರುಚಿಯಾಗಿತ್ತು. ಅವರು ಕೆಳಗಿಳಿದ ಮೇಲೆ ನಾನು ಸ್ವಲ್ಪ ಉಪ್ಪು ಹಾಕಿಕೊಂಡೆ, ಇವತ್ತು ಒಪ್ಪಿಕೊಳ್ಳುತ್ತೇನೆ.

ಶನಿವಾರ ಅವರಿಗೆ ಸಬ್ಬತ್ತು, ಬಿಡುವಿನ ದಿನ. ಅಂದು ಅಡುಗೆ ಕೂಡ ಮಾಡುತ್ತಿರಲಿಲ್ಲ. ಬೈಬಲ್ ಓದಿ, ಒಂದು ಡೋಲಿಗೆ ಟವೆಲ್ ಹೊದಿಸಿ ಯಾರಿಗೂ ತೊಂದರೆಯಾಗದಂತೆ ಮೆಲ್ಲಗೆ ಬಾರಿಸುವರು. ಎರಡು ಪೆಟ್ಟು, ಒಂದು ತಡೆ, ಎರಡು ಪೆಟ್ಟು, ಒಂದು ತಡೆ, ಎದೆ ಬಡಿದುಕೊಂಡ ಹಾಗೆ. ಅಡುಗೆಮನೆಯಲ್ಲಿ ನಿಂತರೆ ನನ್ನ ಅಂಗಾಲಿಗೆ ಆ ಸದ್ದು ತಾಗುತ್ತಿತ್ತು. ಅದರ ಲಯಕ್ಕೇ ನಾನು ರೊಟ್ಟಿ ಬಡಿಯುತ್ತಿದ್ದೆ.

ಎದುರು ಮನೆಯ ಬಾಯಿಗೆ ಇದೆಲ್ಲ ಸರಿಬರಲಿಲ್ಲ. "ಜಾಗ್ರತೆ ಮಾರಾಯ್ರೆ. ಈ ಜನ ಗಾಂಜಾ ಸೇದುದು ಗೊತ್ತುಂಟಾ? ಇಲ್ಲಿ ಪೊಲೀಸ್ ಬಂದ್ರೆ ಖಲಾಸ್. ಮಗು ಬೇರೆ ಹೋಗ್ತದೆ ಅಲ್ಲಿಗೆ" ಎಂದರು. ಅಂದು ಸಂಜೆಯೇ ಅದನ್ನು ನಿಮ್ಮ ಅಮ್ಮನಿಗೆ ಹೇಳಿದೆ. ಅವಳು ನೇರವಾಗಿ ಕೆಳಗೆ ಹೋಗಿ ಕೇಳಿಯೇ ಬಂದಳು, ನನಗೆ ಹಾಗೆ ಎಂದೂ ಆಗುತ್ತಿರಲಿಲ್ಲ. ಅವರಿಗೆ ಸಿಟ್ಟು ಬರಲಿಲ್ಲವಂತೆ. ನಮ್ಮವರಲ್ಲಿ ಬಹಳ ಜನಕ್ಕೆ ಅದು ಪೂಜೆಯ ಸೊಪ್ಪು, ನಾನು ಮುಟ್ಟುವುದಿಲ್ಲ, ಇನ್ನೊಬ್ಬರ ಮನೆಯಲ್ಲಿ ಅವರ ನೇಮದಂತೆ ಇರಬೇಕು, ಎಂದರಂತೆ. ಆಮೇಲೆ ಧೂಪದ ಮಡಕೆ ತೋರಿಸಿ, ಇಲ್ಲಿ ನನಗೆ ಇದು ಸಾಕು ಎಂದರಂತೆ. ಒಳಗೆ ಹೊಗೆಯಾಡುತ್ತಿದ್ದದ್ದು ಇಲ್ಲಿನ ಸಂತೆಯಲ್ಲಿ ಸಿಗುವ ಲೋಬಾನ.

ಈಗ ಆ ಜ್ವರದ ಮಾತು.

ಆ ವರ್ಷ ಚಳಿಗಾಲದ ಕೊನೆಯಲ್ಲಿ ದೊಡ್ಡವಳಿಗೆ ಟೈಫಾಯ್ಡ್ ಬಂತು. ಹದಿನಾಲ್ಕು ದಿನ. ಎದ್ದು ಕೂರಲು ತ್ರಾಣವಿಲ್ಲ. ಕೂದಲು ಮೊದಲೇ ದಟ್ಟ, ಗುಂಗುರು. ಬೆವರಿ, ಒಣಗಿ, ದಿಂಬಿಗೆ ಉಜ್ಜಿ, ಮತ್ತೆ ಬೆವರಿ. ಮುಟ್ಟಿದರೆ ನೋವೆಂದು ಅಳುತ್ತಿದ್ದಳು, ನಾವು ಬಾಚಲಿಲ್ಲ. ಜ್ವರ ಬಿಟ್ಟು, ದವಾಖಾನೆಯಿಂದ ಮನೆಗೆ ಬಂದ ದಿನ ನಿಮ್ಮ ಅಮ್ಮ ಅವಳ ತಲೆ ತೊಳೆಯಲು ಹೋದಳು. ಕುತ್ತಿಗೆಯ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡದೊಂದು ಗಂಟು. ಅದರ ಕೆಳಗೆ ಬೆರಳುದ್ದದ ಮೂರು ಬಾಲಗಳು, ಗಟ್ಟಿಯಾಗಿ ಹೆಣೆದುಕೊಂಡಿದ್ದವು.

ನಾನು ನೋಡಿದೆ. ಮುಟ್ಟಲು ಚಾಚಿದ ಕೈ ಹಿಂದೆಗೆದುಕೊಂಡೆ.

"ಬಾಚಿದ್ರ ಬಿಡೂದಿಲ್ಲ ಇದು. ಕತ್ತರಿ ತಗೊಂಡು ಬಾ ಅವ್ವ, ಕಟ್ ಮಾಡಿಬಿಡೂಣು" ಎಂದಳು ನಿಮ್ಮ ಅಮ್ಮ.

"ಕತ್ತರಿ ಮುಟ್ಟಬ್ಯಾಡ!"

ನಾನು ಕೂಗಿದ್ದೆ. ಮಗಳ ಮೇಲೆ ಜನ್ಮದಲ್ಲಿ ಮೊದಲ ಸಲ. ಅವಳು ದಂಗಾಗಿ ನೋಡಿದಳು.

"ಹಂಗಾರ ಬಾಚಿ ಬಿಡಿಸು ನೀನ."

"ಬಾಚಬ್ಯಾಡ."

"ಕಟ್ ಮಾಡಬ್ಯಾಡ, ಬಾಚಬ್ಯಾಡ. ಏನ್ ಮಾಡ್ಲಿ ಮತ್ತ, ಪೂಜಿ ಮಾಡ್ಲಿ?" ಅವಳು ಹದಿನಾಲ್ಕು ದಿನ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ, ಪಾಪ. "ಊರಿನ ಮೂಢನಂಬಿಕಿ ಊರಾಗ ಬಿಟ್ಟು ಬಾ ಅಂತ ಎಷ್ಟು ಸಲ ಹೇಳೀನಿ. ಖಲಾಸ್, ಅವ್ವ."

ಹಾಸಿಗೆಯಿಂದ ದೊಡ್ಡವಳ ಸಣ್ಣ ದನಿ ಬಂತು: "ನನಗೆ ಹಾಗೇ ಇರಲಿ. ಕೆಳಗಿನ ಆಂಟಿ ಥರ."

ಮಗು ತಾನಾಗಿಯೇ ಕೇಳುತ್ತಿದೆ, ಕರೆ ಬಂದೇ ಬಿಟ್ಟಿತು ಎಂದುಕೊಂಡೆ. ಕತ್ತರಿಸಿದರೂ ಬಾಚಿದರೂ ದೇವಿ ಸಿಟ್ಟಾಗಿ ಈಗಷ್ಟೇ ಬದುಕಿದ ಮಗುವನ್ನು ಒಯ್ಯುತ್ತಾಳೆ. ಬಿಟ್ಟರೆ ಅವಳು ನನ್ನ ದೊಡ್ಡವ್ವ ಆಗುತ್ತಾಳೆ. ಯಾವ ಕಡೆಗೆ ಹೆಜ್ಜೆ ಇಡಲಿ? ಇದನ್ನು ಮಗಳಿಗೆ ಬಾಯಿಬಿಟ್ಟು ಹೇಳಲು ನನ್ನಿಂದಾಗದು. ಯಾಕೆ ಆಗದು ಎಂಬುದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದೆ. ಒಬ್ಬಳೇ ಹೋಗಿ ಪರರ ಬಾಗಿಲು ತಟ್ಟಿದ್ದು ಅದೇ ಮೊದಲು. ಮಾತಿಗೆ ದೊಡ್ಡವಳಿಲ್ಲ. ಕೆಳಗಿನ ಮನೆಯವರು ಬಾಗಿಲು ತೆರೆದಾಗ ನಾನು ಅವರ ತಲೆ ತೋರಿಸಿದೆ, ಮೇಲೆ ತೋರಿಸಿದೆ, ಕೈ ಮುಗಿದೆ. ಅಂದು ಶನಿವಾರ, ಸಬ್ಬತ್ತು. ಅವರು ಬೈಬಲ್ ಮುಚ್ಚಿಟ್ಟು ನನ್ನ ಹಿಂದೆ ಮೆಟ್ಟಿಲು ಹತ್ತಿದರು.

ಮಗುವಿನ ಪಕ್ಕ ಕೂತು, ಗಂಟನ್ನು ಬೆರಳಿನಲ್ಲಿ ಎತ್ತಿ ನೋಡಿದರು. ನಮ್ಮಿಬ್ಬರ ಮುಖವನ್ನೂ ನೋಡಿದರು. ನನಗೆ ಏನೋ ಕೇಳಿದರು.

"ನಿನಗ ಯಾತರ ಅಂಜಿಕಿ ಅಂತ ಕೇಳಾಕತ್ತಾರ" ಎಂದಳು ಮಗಳು.

ಮಗಳ ಮುಖ ನೋಡಿದ್ದರೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಆ ಹೆಂಗಸಿನ ಮುಖ ನೋಡುತ್ತಾ ಕನ್ನಡದಲ್ಲೇ ಹೇಳಿದೆ. ಅವರಿಗೆ ತಿಳಿಯುವುದಿಲ್ಲವಾದ್ದರಿಂದಲೇ ಹೇಳಲು ಸಾಧ್ಯವಾಯಿತು.

ನನಗೆ ಒಂಬತ್ತು ವರ್ಷವಿದ್ದಾಗ ನನ್ನ ತಲೆಯಲ್ಲೂ ಜಟೆ ಬಂದಿತ್ತು. ಹೀಗೇ ಜ್ವರದ ಮೇಲೆ, ಹೀಗೇ ಕುತ್ತಿಗೆಯ ಹಿಂದೆ. ಊರವರು ಅರಿಸಿನ ತಂದರು, ಅಕ್ಕನ ಹಾದಿಯಲ್ಲೇ ತಂಗಿಯ ಮಗಳು ಎಂದರು. ನನ್ನ ಅವ್ವ ಎಲ್ಲರಿಗೂ ಹೂಂ ಎಂದು ತಲೆಯಾಡಿಸಿ ಕಳಿಸಿ, ಬಾಗಿಲು ಹಾಕಿಕೊಂಡಳು. ಮೂರು ದಿನ ಬಾಗಿಲು ತೆಗೆಯಲಿಲ್ಲ. ಕುಸುಬಿ ಎಣ್ಣೆ ಹಚ್ಚಿ, ಮರದ ಬಾಚಣಿಗೆಯಿಂದ, ದಬ್ಬಣದಿಂದ, ಒಂದೊಂದೇ ಎಳೆ ಬಿಡಿಸಿದಳು. ನಾನು ಅತ್ತರೆ ಬಾಯಿಗೆ ಬೆಲ್ಲ ಇಡುವಳು. ನಾಲ್ಕನೆಯ ದಿನ ಎರಡು ಹೆರಳು ಹಾಕಿ, ಕೈ ಹಿಡಿದು ಊರ ನಡುವಿನಿಂದಲೇ ಶಾಲೆಗೆ ಒಯ್ದಳು. ಆಮೇಲೆ ಬಹಳ ದಿನ ಅವಳನ್ನು ಯಾರೂ ಮಾತಾಡಿಸಲಿಲ್ಲ.

ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನಾನು ನಿಲ್ಲಲಿಲ್ಲ. ನಿಂತರೆ ಮತ್ತೆ ಆಗದು ಎಂದು ಗೊತ್ತಿತ್ತು. ನನಗೆ ಮದುವೆಯಾಯಿತು, ಒಳ್ಳೆಯ ಗಂಡ ಸಿಕ್ಕ. ನಲವತ್ತರಲ್ಲಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಗಂಡನ ಮನೆಯ ಮುದುಕಿಯೊಬ್ಬಳು ಎಲ್ಲರ ಮುಂದೆ, "ತಾಯಿ ಜಟಿ ಬಿಚ್ಚಿಸಿಕೊಂಡಾಕಿ, ಗಂಡನ್ನ ತಿಂದ್ಳು" ಎಂದಳು. ನಾನು ನಂಬಿದೆ. ಇಂದಿಗೂ ನಂಬಿದ್ದೇನೆ ಎಂದೆ. ಈಗ ಈ ಮಗುವಿನದನ್ನು ಬಿಚ್ಚಿದರೆ ಯಾರನ್ನು ಒಯ್ಯುತ್ತಾಳೆ ಎಂದು ಕೇಳಿದೆ.

ಮಗಳು ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ತನ್ನ ಅಪ್ಪ ಸತ್ತ ದಿನ ಅವ್ವನಿಗೆ ಯಾರು ಏನಂದರು ಎಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗಿನ ಮನೆಯವರು ಅವಸರ ಮಾಡಲಿಲ್ಲ. ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಮೊದಲು ಅವಳು "ಶಿ, ಶಿ" ಎನ್ನುತ್ತಿದ್ದಳು. ಈಗ "ಐ" ಎನ್ನತೊಡಗಿದಳು. ನನಗೆ ಬರುವ ಹತ್ತು ಇಂಗ್ಲಿಷ್ ಮಾತುಗಳಲ್ಲಿ ಅದೊಂದು. ಐ, ಐ, ಐ. ನಾನು ಗಂಡನನ್ನು ತಿಂದೆ ಎಂದು ನಾನು ನಂಬಿದೆ, ಎಂದು ನನ್ನ ಮಗಳು ತನ್ನ ಬಾಯಿಂದ, ತನ್ನದೇ ಮಾತೆಂಬಂತೆ, ಅಳುತ್ತಾ ಹೇಳುತ್ತಿದ್ದಳು.

ನಾನು ಮತ್ತು ನಾನು ಎಂದರೆ ಏನೆಂದು ನನಗೆ ತಿಳಿದದ್ದು ಆಗ.

ಕೆಳಗಿನ ಮನೆಯವರು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದರು. ಒಂದು ಜಟೆಯನ್ನು ಹಿಡಿದು ನನ್ನ ಅಂಗೈಯಲ್ಲಿ ಇಟ್ಟರು. ಅದು ಒರಟಾಗಿರಲಿಲ್ಲ, ಉಣ್ಣೆಯ ಹಾಗಿತ್ತು. ಅವರು ಹೇಳಿದ್ದನ್ನು ಮಗಳು ಹೀಗೆ ತಿರುಗಿಸಿದಳು:

"ನಾ ಇದನ್ನ ಇಪ್ಪತ್ತೆರಡನೇ ವರ್ಷಕ್ಕ ಬಿಟ್ಟೆ ಅಂತಾರ. ಸಣ್ಣಾಕಿದ್ದಾಗ ಇವರವ್ವನೂ ವಾರಕ್ಕೊಮ್ಮೆ ತಲಿ ಹಿಕ್ಕತಿದ್ದಳಂತ, ಇವರೂ ಅಳತಿದ್ದರಂತ. ದೊಡ್ಡಾಕಿ ಆಗಿ, ಓದಿ, ತಿಳಕೊಂಡು, ನನ್ನ ಬಾಯಿಲೆ ದೇವರಿಗೆ ಮಾತು ಕೊಟ್ಟೆ. ಮಾತು ಬಾಯಿಂದ ಬರತೈತಿ, ಜ್ವರದಿಂದ ಬರೂದಿಲ್ಲ ಅಂತಾರ. ಈ ಹುಡುಗಿ ಯಾರಿಗೂ ಮಾತು ಕೊಟ್ಟಿಲ್ಲ. ನೀನೂ ಕೊಟ್ಟಿರಲಿಲ್ಲ ಅವ್ವ. ಕೊಟ್ಟಾಕಿ ನಿಮ್ಮವ್ವ, ನಿನ್ನ ಸಾಲಿಗೆ ಕಳಸ್ತೀನಿ ಅಂತ. ಆಕಿ ಮಾತು ಉಳಿಸಿಕೊಂಡ್ಳು."

ಅವರು ಇನ್ನೊಂದು ಮಾತು ಸೇರಿಸಿದರು. ದೇವರು ಹೊರಗೆ ನಿಂತು ಜುಟ್ಟು ಹಿಡಿದು ಎಳೆಯುವವನಲ್ಲ, ಹಾಗೆ ಎಳೆಯುವುದು ಬ್ಯಾಬಿಲೋನ್.

ಹಾಸಿಗೆಯಲ್ಲಿದ್ದವಳಿಗೆ ಇದಾವುದೂ ಹಿಡಿಸಲಿಲ್ಲ. "ಬಟ್ ಐ ವಾಂಟ್ ಇಟ್!" ಎಂದು ರಾಗ ತೆಗೆದಳು. ಅವರು ಅವಳ ಮೂಗು ಹಿಂಡಿ, "ಟ್ವೆಂಟಿ-ಟೂ" ಎಂದರು.

"ಟ್ವೆಲ್ವ್?"

"ಟ್ವೆಂಟಿ-ಟೂ."

"ಸಿಕ್ಸ್‌ಟೀನ್, ಪ್ಲೀಸ್!"

"ಟ್ವೆಂಟಿ-ಟೂ. ಆಗ ನಿನ್ನ ಬಾಯಿಂದಲೇ ಕೇಳು" ಎಂದರಂತೆ. ಅಳುತ್ತಿದ್ದ ನಿಮ್ಮ ಅಮ್ಮನೂ ನಕ್ಕುಬಿಟ್ಟಳು.

ಬಿಡಿಸುವ ಕೆಲಸ ಅವರೇ ಮಾಡುತ್ತಾರೆ ಎಂದುಕೊಂಡಿದ್ದೆ. ಜಟೆಯ ಹೆಣಿಗೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಇಲ್ಲ ಎಂದು ತಲೆಯಾಡಿಸಿ, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟರು. ಹೇಗೆಂದು ಮಾತ್ರ ತೋರಿಸಿದರು. ಬುಡದಿಂದ ಅಲ್ಲ, ತುದಿಯಿಂದ. ಬಾಚಣಿಗೆಯ ಹಲ್ಲಿನಿಂದಲ್ಲ, ಅದರ ಬಾಲದ ಮೊನೆಯಿಂದ. ಎಣ್ಣೆ ಹಚ್ಚಿ ಕಾಯಬೇಕು, ಎಳೆಯಬಾರದು. ಕೆಳಗಿನ ಮಲಯಾಳಿ ಅಂಗಡಿಯಿಂದ ಕೊಬ್ಬರಿ ಎಣ್ಣೆ ತರಿಸಿದೆವು.

ಮೊದಲ ಎಳೆ ಬಿಚ್ಚುವಾಗ ನನ್ನ ಕೈಯಿಂದ ಬಾಚಣಿಗೆ ಎರಡು ಸಲ ಜಾರಿಬಿತ್ತು. ಅವರು ಎದುರು ಕೂತು ತೊಡೆಯ ಮೇಲೆ ಬೆರಳಿನಿಂದ ಆ ಡೋಲಿನ ಪೆಟ್ಟು ಹಾಕುತ್ತಿದ್ದರು. ಎರಡು ಪೆಟ್ಟು, ಒಂದು ತಡೆ. ಆ ತಡೆಯಲ್ಲಿ ನಾನು ಒಂದು ಎಳೆ ಬಿಡಿಸುವೆ. ರೊಟ್ಟಿ ಬಡಿದು ಕಲಿತ ಲಯ, ಕೈಗೆ ಗೊತ್ತಿತ್ತು. ನಿಮ್ಮ ಅಮ್ಮ ಮಗುವಿನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ಖರ್ಜೂರ ಇಡುತ್ತಿದ್ದಳು. ಮನೆಯಲ್ಲಿ ಬೆಲ್ಲ ಮುಗಿದಿತ್ತು.

ನಮಗೂ ಮೂರು ದಿನವೇ ಹಿಡಿಯಿತು. ಅವರು ಕಾಲೇಜಿನಿಂದ ಬಂದವರು ಬಟ್ಟೆ ಬದಲಿಸಿ ನೇರ ಮೇಲೆ ಬರುತ್ತಿದ್ದರು. ಎರಡನೆಯ ದಿನ ಎದುರು ಮನೆಯ ಬಾಯಿ ಇಣುಕಿ, "ಎಂತ ನಡೀತಾ ಉಂಟು ಇಲ್ಲಿ, ಬ್ಯೂಟಿ ಪಾರ್ಲರಾ?" ಎಂದವರು, ಸುದ್ದಿ ಕೇಳಿ ಒಳಗೆ ಬಂದು ಕೂತರು. ಕೆಳಗಿನ ಮನೆಯವರ ಜಟೆಯನ್ನು ಓರೆಗಣ್ಣಿನಿಂದ ನೋಡಿದರು. ಹೊರಡುವಾಗ, "ನಮ್ಮ ಬೈಬಲಿನಲ್ಲಿಯೂ ಹಾಗೆ ಕೂದಲು ಬಿಟ್ಟವ ಒಬ್ಬ ಇದ್ದಾನಲ್ಲ, ನಾನು ಮರೆತೇ ಬಿಟ್ಟಿದ್ದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಗಾಂಜಾದ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಮರುದಿನ ಒಂದು ಡಬ್ಬಿ ನೀರುದೋಸೆ ಬಂತು, ಒಂದು ಪಾಲು ಉಪ್ಪಿಲ್ಲದ್ದು.

ಮೂರನೆಯ ದಿನ ಸಂಜೆಯಾಗುವ ಮೊದಲೇ ಕೊನೆಯ ಗಂಟು ಸಡಿಲವಾಯಿತು. ಕತ್ತರಿ ಮುಟ್ಟಲಿಲ್ಲ. ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಸರಾಗ ಇಳಿಯಿತು. ನನ್ನ ಮಡಿಲಲ್ಲಿ ಉದುರಿದ ಕೂದಲಿನ ಒಂದು ಉಂಡೆ ಉಳಿಯಿತು. ಅವ್ವ ನನ್ನದನ್ನು ಏನು ಮಾಡಿದಳೋ ನನಗೆ ಗೊತ್ತಿಲ್ಲ. ಬಹುಶಃ ಹೊಳೆಗೆ ಬಿಟ್ಟಿರಬೇಕು, ಅವಳಿಗೂ ಒಳಗೊಳಗೆ ಹೆದರಿಕೆ ಇದ್ದೀತು. ಮಗಳು ಉಂಡೆಯನ್ನು ನೋಡಿ, ನನ್ನನ್ನು ನೋಡಿ, "ಇದನ್ನೇನ್ ಮಾಡೂಣು ಅವ್ವ? ಇಲ್ಲಿ ವಾದಿ ಹಳ್ಳದೊಳಗ ನೀರು ಬಂದಾಗ ಬಿಡೂಣೇನು?" ಎಂದು ಕೇಳಿದಳು. ಮೂಢನಂಬಿಕೆ ಎಂದು ಸಿಟ್ಟಾಗಿದ್ದವಳು ನನಗಾಗಿ ಹಾಗೆ ಕೇಳಿದಳು.

"ಬರೇ ಕೂದಲ ಐತಿ," ಎಂದೆ. "ಕಸದ ಡಬ್ಬಿಗೆ ಹಾಕು."

ಹೇಳಿದ್ದು ನಾನೇ. ಅವಳು ಹಾಕಿಬಂದಳು. ಡಬ್ಬಿಯ ಮುಚ್ಚಳ ಬಿದ್ದ ಸದ್ದಿಗೆ ನಾನು ಬೆಚ್ಚಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಏನೂ ಆಗಲಿಲ್ಲ. ದೊಡ್ಡವಳು ಹಸಿವು ಎಂದಳು, ಎರಡು ರೊಟ್ಟಿ ತಿಂದಳು.

ಬಟ್ಟಲಿನಲ್ಲಿ ಸ್ವಲ್ಪ ಎಣ್ಣೆ ಉಳಿದಿತ್ತು. ಮಗಳು ಅದನ್ನು ತಗೊಂಡು ನನ್ನ ಹಿಂದೆ ಬಂದು ಕೂತು, "ಅವ್ವ, ಸೆರಗ ತಗಿ" ಎಂದಳು. ನಿಮ್ಮ ಅಜ್ಜ ಹೋದ ಮೇಲೆ ನನ್ನ ತಲೆಯನ್ನು ನಾನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಬೇಡ ಎನ್ನಬೇಕೆಂದಿದ್ದೆ. ಕೆಳಗಿನ ಮನೆಯವರು ಎದುರಿಗೆ ಕೂತು ತಮ್ಮ ಬೆರಳ ಪೆಟ್ಟನ್ನು ಇನ್ನೂ ನಿಲ್ಲಿಸಿರಲಿಲ್ಲ. ನಾನು ಸೆರಗು ತೆಗೆದೆ.

ಮರುವರ್ಷ ಅವರ ಕಾಲೇಜಿನ ಕರಾರು ಮುಗಿಯಿತು. ಆಸೆಪಟ್ಟ ಹಾಗೇ ಇಥಿಯೋಪಿಯಾಕ್ಕೆ ಹೋದರು, ಅಲ್ಲಿ ಅವರ ಜನರು ನೆಲೆಸಿದ ಒಂದು ಊರಿದೆಯಂತೆ. ಹೊರಡುವ ದಿನ ದಾರಿಗೆಂದು ಒಣ ರೊಟ್ಟಿ ಕಟ್ಟಿಕೊಟ್ಟೆ, ಕಟಕಟಿ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಕಾಲಿಗೆ ಬೀಳಲು ಬಗ್ಗಿದೆ, ಹಳೆಯ ಅಭ್ಯಾಸ. ಅವರು ಬೇಕೆಂದೇ ನನಗಿಂತ ಮೊದಲು ಬಗ್ಗಿದರು. ಇಬ್ಬರ ಹಣೆಗಳೂ ಟಣ್ಣೆಂದು ಬಡಿದವು. ನನ್ನ ಹಣೆಯ ಬುಗುಟು ಎರಡು ದಿನ ಇತ್ತು.

ಅವರು ಆ ತವರಿನಲ್ಲಿ ಸುಖವಾಗಿರಲಿ ಎಂದು ಪ್ರತಿ ಶನಿವಾರ ದೀಪ ಹಚ್ಚುವಾಗ ನೆನೆಯುತ್ತೇನೆ. ಎಲ್ಲಮ್ಮನಿಗೂ ಕೈ ಮುಗಿಯುತ್ತೇನೆ. ನನಗೆ ಈಗ ಅವಳ ಹೆದರಿಕೆ ಇಲ್ಲವಾದ್ದರಿಂದ ಅವಳ ಮೇಲೆ ಪ್ರೀತಿ ಹುಟ್ಟಿದೆ. ನನ್ನ ಅವ್ವನನ್ನೂ ನೆನೆಯುತ್ತೇನೆ. ಅವಳ ಮೇಲೆ ನಾನು ಎಷ್ಟೋ ವರ್ಷ ಒಳಗೊಳಗೆ ಮುನಿಸಿಟ್ಟುಕೊಂಡಿದ್ದೆ. ನನ್ನ ಜಟೆ ಯಾಕೆ ಬಿಚ್ಚಿದೆ ಎಂದು ಕೇಳುತ್ತಿದ್ದವಳು ಈಗ ಪುಣ್ಯ, ಬಿಚ್ಚಿದೆಯಲ್ಲ ಅವ್ವ ಎನ್ನುತ್ತೇನೆ.

ದೊಡ್ಡವಳೇ, ನಿನಗೆ ಈಗ ಹನ್ನೆರಡು. ಇನ್ನು ಹತ್ತು ವರ್ಷ ಎಂದು ನೀನು ಲೆಕ್ಕ ಹಾಕುತ್ತಿದ್ದೀಯೆ. ಅಷ್ಟರಲ್ಲಿ ನೀನು ಮರೆತರೂ ಮರೆತೀಯೆ. ಮರೆಯದೆ, ಓದಿ ತಿಳಿದು, ನಿನ್ನ ಬಾಯಿಂದಲೇ ಬೇಕೆಂದರೆ, ನಾನು ಬ್ಯಾಡ ಎನ್ನುವುದಿಲ್ಲ. ಒಣಗಿಸಲು ಮಾಳಿಗೆಗೆ ಬಾ. ನಾನು ಆ ಹೊತ್ತಿಗೆ ಇದ್ದರೆ ಸಂಡಿಗೆ ತಟ್ಟೆ ಹಿಡಿದುಕೊಂಡು ಅಲ್ಲೇ ಕೂತಿರುತ್ತೇನೆ, ಈ ಸಲ ಕಾಲಿಗೆ ಬೀಳುವುದಿಲ್ಲ.